ಲಿಫ್ಟಕ್ಕ ಹಂಚಿದ ಬಿಲ್ಲೆಗಳು

ಬೆಳಗ್ಗೆ ಐದು ಗಂಟೆ ಐವತ್ತೆರಡು ನಿಮಿಷ. ಇಪ್ಪತ್ನಾಲ್ಕು ಮಹಡಿಯ ವಸತಿ ಕಟ್ಟಡವೊಂದರ ನೆಲಮಹಡಿಯಲ್ಲಿ ಲಿಫ್ಟಕ್ಕ ಎರಡನೇ ಲಿಫ್ಟಿನ ಹೊಸ್ತಿಲ ಬಳಿ ಮಂಡಿಯೂರಿ, ಬಾಗಿಲು ಜಾರುವ ಸಂದಿಯ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕುತ್ತಿದ್ದಳು. ಬಿಸ್ಕತ್ತಿನ ಪುಡಿ, ಕೂದಲಿನ ಉಂಡೆ, ಒಂದು ಅಂಗಿ ಗುಂಡಿ, ಯಾರದೋ ಕಿವಿಯೋಲೆಯ ತಿರುಪು. ಬಾಗಿಲು ಕೆಟ್ಟಿತೆಂದು ಜನ ಬೈಯುವಾಗ ನೂರಕ್ಕೆ ಎಪ್ಪತ್ತು ಸಲ ಕೆಟ್ಟಿರುವುದು ಈ ಬೆರಳಗಲದ ಸಂದಿ ಎಂಬುದು ಆಕೆಯ ಅನುಭವ. ಅದಕ್ಕೇ ದಿನದ ಗದ್ದಲ ಶುರುವಾಗುವ ಮೊದಲು ಮೂರೂ ಲಿಫ್ಟುಗಳ ಹೊಸ್ತಿಲು ಹೀಗೆ ಶುದ್ಧವಾಗಬೇಕು.

ಅಷ್ಟರಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಕೈಯಲ್ಲೊಂದು ಕಾಗದ, ಬಾಯಲ್ಲೊಂದು ಅಂಟುಪಟ್ಟಿಯ ತುಂಡು ಹಿಡಿದು ಬಂದರು. ಪರೀಕ್ಷಾ ಮಂಡಳಿಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಗೆರೆ ಎಳೆಯದ ಕಾಗದವನ್ನು ಅವರು ಕಾಗದವೆಂದೇ ಒಪ್ಪುತ್ತಿರಲಿಲ್ಲ. ಲಿಫ್ಟಿನ ಪಕ್ಕದ ಗೋಡೆಗೆ ಕಾಗದವನ್ನು ಅಳತೆ ನೋಡಿ ಅಂಟಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಸೊಟ್ಟಗಾಗಿಲ್ಲವೆಂದು ಖಾತರಿ ಮಾಡಿಕೊಂಡರು. ಲಿಫ್ಟಕ್ಕ ಕುಳಿತಲ್ಲಿಂದಲೇ ಓದಿದಳು. ಮುಂದಿನ ತಿಂಗಳಿಂದ ಒಂದನೇ ಮತ್ತು ಎರಡನೇ ಲಿಫ್ಟು ನಿವಾಸಿಗಳಿಗೆ ಮಾತ್ರ. ಮನೆಗೆಲಸದವರು, ಕಾರಿನ ಚಾಲಕರು, ಸಾಮಾನು ತರುವವರು ಮತ್ತು ಕಸ, ಇವೆಲ್ಲ ಮೂರನೇ ಲಿಫ್ಟಿನಲ್ಲಿ. ಮುಂದಿನ ವಾರದ ಭಾನುವಾರ ಸಭೆಯಲ್ಲಿ ಒಪ್ಪಿಗೆ ಪಡೆಯಲಾಗುವುದು.

“ಕಸಾನ ಕೊನೇಲಿ ಹಾಕಿದೀರಲ್ಲ ಸಾರ್, ಮರ್ಯಾದೆ ಇಟ್ಟಿದೀರಿ,” ಎಂದಳು.

ಕಾರ್ಯದರ್ಶಿಗೆ ಮಾತು ಚುಚ್ಚಿತು, ಆದರೆ ಅವರು ಕೂಗಾಡುವ ಪೈಕಿ ಅಲ್ಲ. ಬೆಳಗಿನ ಹೊತ್ತು ಹನ್ನೆರಡನೇ ಮಹಡಿಯಲ್ಲಿ ನಾಲ್ಕು ನಿಮಿಷ ನಿಂತರೂ ಲಿಫ್ಟು ಸಿಗುವುದಿಲ್ಲ, ಸಿಕ್ಕರೂ ಒಳಗೆ ಕಾಲಿಡಲು ಜಾಗವಿರುವುದಿಲ್ಲ, ದೂರುಗಳಿಂದ ತಮ್ಮ ಕಡತ ತುಂಬಿದೆ ಎಂದು ವಿವರಿಸಿದರು. ನೂರಾ ಮೂವತ್ತು ಜನ ಕೆಲಸದವರು ಒಂದೇ ಹೊತ್ತಿಗೆ ನುಗ್ಗಿದರೆ ಇನ್ನೇನಾಗುತ್ತದೆ ಎಂದರು. ಲಿಫ್ಟಕ್ಕ, ಪ್ರತಿ ತಿಂಗಳೂ ತಾನೇ ಯಂತ್ರದಿಂದ ತೆಗೆದುಕೊಡುವ ವರದಿಯನ್ನು ನೆನಪಿಸಿದಳು. ಅದರಲ್ಲಿ ಸರಾಸರಿ ಕಾಯುವಿಕೆ ಮೂವತ್ತೊಂದು ಸೆಕೆಂಡು.

“ನಿಮ್ಮ ಯಂತ್ರ ಮೂವತ್ತೊಂದು ಸೆಕೆಂಡು ಅನ್ನುತ್ತೆ. ನನ್ನ ಕಾಲು ನಾಲ್ಕು ನಿಮಿಷ ಅನ್ನುತ್ತೆ,” ಎಂದರು ಕಾರ್ಯದರ್ಶಿ. “ಕಾಲು ಸುಳ್ಳು ಹೇಳೋದನ್ನ ನಾನಂತೂ ನೋಡಿಲ್ಲಮ್ಮ.”

ಅವರು ಹೋದ ಮೇಲೆ ಲಿಫ್ಟಕ್ಕ ಮೂರನೇ ಲಿಫ್ಟಿನ ಹೊಸ್ತಿಲಿಗೆ ಸರಿದು ಮತ್ತೆ ಬ್ರಷ್ಷು ಆಡಿಸತೊಡಗಿದಳು. ಕಾಗದದ ಮೇಲೆ ಬಂದ ಸಿಟ್ಟು ಬೇರೆ. ಆದರೆ ಕಾಲಿನ ಮಾತು ಆಕೆಯ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಲಿಫ್ಟಕ್ಕನಿಗೆ ಆಗ ನಲವತ್ತನಾಲ್ಕು ವರ್ಷ. ವಿದ್ಯುತ್ ಕೆಲಸದ ತರಬೇತಿಯಲ್ಲಿ ಮೂವತ್ತೊಂದು ಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ಕಲಿತವಳು. ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯ ಮೆಕ್ಯಾನಿಕ್ ಒಬ್ಬ ಆಕೆಯನ್ನು ಲಿಫ್ಟಿನ ತಲೆಯ ಮೇಲೆ ನಿಲ್ಲಿಸಿ, ಕತ್ತಲ ಬಾವಿಯಂಥ ಆ ಗೂಡಿನೊಳಗೆ ಹತ್ತು ಮಹಡಿ ಕೆಳಗಿಳಿಸಿದ್ದ. ಹೆದರಿ ಅತ್ತರೆ ಮಾರನೇ ದಿನದಿಂದ ಬರುವುದಿಲ್ಲ ಎಂಬುದು ಅವನ ಅಂದಾಜು. ಕೆಳಗಿಳಿದ ಮೇಲೆ ಆಕೆ, ಎಡಗಡೆ ಹಳಿಗೆ ಎಣ್ಣೆ ಹಾಕಿ ಎಷ್ಟು ದಿನವಾಯಿತೆಂದು ಕೇಳಿದಳಂತೆ. ಅವನೇ ಮುಂದೆ ಎಲ್ಲರೆದುರು ಆಕೆಯನ್ನು ಲಿಫ್ಟಕ್ಕ ಎಂದು ಕರೆದ, ಹೆಸರು ಅಂಟಿಕೊಂಡಿತು. ನಿರ್ವಹಣಾ ಗುತ್ತಿಗೆಯ ಕಂಪನಿಯೊಂದರ ಕೆಲಸ. ಈ ಕಟ್ಟಡಕ್ಕೆ ಬಂದು ಎಂಟು ವರ್ಷ. ಗಂಡ ಬಸ್ಸಿನ ಡ್ರೈವರು. ಬಸ್ಸು ಅಡ್ಡಡ್ಡ ಹೋಗುತ್ತದೆ, ಲಿಫ್ಟು ಉದ್ದುದ್ದ ಹೋಗುತ್ತದೆ, ಬೈಗುಳ ಮಾತ್ರ ಇಬ್ಬರಿಗೂ ಒಂದೇ ಎಂದು ಅವನು ತಮಾಷೆ ಮಾಡುತ್ತಿದ್ದ.

ಆ ಕಾಗದ ಜಾರಿಗೆ ಬಂದರೆ ಮೊದಲ ಏಟು ಬೀಳುವುದು ಎಲ್ಲಿಗೆ ಎಂದು ಲಿಫ್ಟಕ್ಕನಿಗೆ ಲೆಕ್ಕ ಹಾಕಬೇಕಿರಲಿಲ್ಲ. ಗಂಡನ ತಂಗಿ, ಅಂದರೆ ನಾದಿನಿ, ಅದೇ ಕಟ್ಟಡದ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಏಳು ಗಂಟೆಗೆ ಇಪ್ಪತ್ತೆರಡನೇ ಮಹಡಿ, ಆಮೇಲೆ ಹದಿನೇಳು, ಆಮೇಲೆ ಒಂಬತ್ತು. ಮಂಡಿ ನೋವಿನವಳು, ಎರಡು ಮಹಡಿ ಹತ್ತಿದರೆ ಗೋಡೆ ಹಿಡಿಯುತ್ತಾಳೆ. ಇಪ್ಪತ್ತನೇ ಮಹಡಿಯ ಮನೆಯೊಂದು ಮೂರು ದಿನ ತಡವಾಯಿತೆಂಬ ಕಾರಣಕ್ಕೆ ಆಗಲೇ ಅವಳನ್ನು ಕೆಲಸದಿಂದ ಬಿಡಿಸಿತ್ತು. ನೂರಾ ಮೂವತ್ತು ಜನಕ್ಕೆ ಒಂದೇ ಲಿಫ್ಟು ಎಂದಾದರೆ ಉಳಿದ ಮೂರು ಮನೆಗಳೂ ಒಂದೊಂದಾಗಿ ಕೈಬಿಡುತ್ತವೆ. ಅದಕ್ಕಿಂತ ಕಹಿಯಾದದ್ದು ಇನ್ನೊಂದು. ನಿವಾಸಿಗಳ ಕಾರ್ಡು ತೋರಿಸಿದರಷ್ಟೇ ಕದಲುವಂತೆ ಒಂದು, ಎರಡನೇ ಲಿಫ್ಟುಗಳಿಗೆ ಕಾರ್ಡು ಓದುವ ಪೆಟ್ಟಿಗೆ ಕೂರಿಸಬೇಕಾದವಳು ಲಿಫ್ಟಕ್ಕನೇ. ತನ್ನ ಕೈಯಾರೆ ತಿರುಪು ಬಿಗಿದು ನಾದಿನಿಯ ದಾರಿ ಮುಚ್ಚಬೇಕು.

ಅದೇ ದಿನ ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿ, ಸಭೆ ಮುಗಿಯುವವರೆಗೆ ಪೆಟ್ಟಿಗೆ ಮುಟ್ಟುವುದಿಲ್ಲ ಎಂದಳು. ಮ್ಯಾನೇಜರ್ ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಪಳಗಿದವರು. ಮುಟ್ಟಬೇಡ ಎನ್ನಲಿಲ್ಲ, ಮುಟ್ಟು ಎಂದೂ ಅನ್ನಲಿಲ್ಲ, ಗಿರಾಕಿಯ ಮನಸ್ಸು ನೋಯದಂತೆ ನೋಡಿಕೋ ಎಂದರು.

ಯಂತ್ರ ಮೂವತ್ತೊಂದು ಎಂದೂ ಕಾಲು ನಾಲ್ಕು ನಿಮಿಷ ಎಂದೂ ಹೇಳುವುದು ಹೇಗೆ? ಎರಡು ದಿನ ಹನ್ನೆರಡನೇ ಮಹಡಿಯಲ್ಲಿ ನಿಂತು ನೋಡಿದ ಮೇಲೆ ಆಕೆಗೆ ಗೊತ್ತಾಯಿತು. ಗುಂಡಿ ಒತ್ತಿದ ಕ್ಷಣದಿಂದ ಬಾಗಿಲು ತೆರೆಯುವ ಕ್ಷಣದವರೆಗೆ ಯಂತ್ರ ಎಣಿಸುತ್ತದೆ. ಬಾಗಿಲು ತೆರೆದರೆ ಒಳಗೆ ಹದಿಮೂರು ಜನ ಉಪ್ಪಿನಕಾಯಿ ಜಾಡಿಯಂತೆ ತುಂಬಿರುತ್ತಾರೆ. ಹೊರಗೆ ನಿಂತವರು ಹಲ್ಲು ಕಡಿದು ಮತ್ತೆ ಗುಂಡಿ ಒತ್ತುತ್ತಾರೆ. ಯಂತ್ರದ ಪಾಲಿಗೆ ಆ ಮೊದಲ ಕಾಯುವಿಕೆ ಮುಗಿದುಹೋಯಿತು, ಈಗ ಹೊಸಬರು ಬಂದರು, ಎಣಿಕೆ ಮತ್ತೆ ಸೊನ್ನೆಯಿಂದ. ಹೀಗೆ ನಾಲ್ಕೈದು ಸಲ ಒತ್ತಿದ ಒಬ್ಬ ಮನುಷ್ಯ ಯಂತ್ರದ ಪುಸ್ತಕದಲ್ಲಿ ಅರ್ಧ ನಿಮಿಷ ಕಾದ ನಾಲ್ಕೈದು ಮನುಷ್ಯರಾಗುತ್ತಾನೆ. ಎಂಟು ವರ್ಷ ಆ ವರದಿಗೆ ತಾನೇ ಸಹಿ ಹಾಕಿ ಕೊಟ್ಟಿದ್ದು ನೆನೆದು ಲಿಫ್ಟಕ್ಕನಿಗೆ ನಾಚಿಕೆಯಾಯಿತು. ಯಂತ್ರ ಎಣಿಸುತ್ತಿದ್ದುದು ಗುಂಡಿಗಳನ್ನು. ಎಣಿಸಬೇಕಾದದ್ದು ಜನರನ್ನು.

ಬಿಡಿಭಾಗ ಬಂದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಅಂಗೈಯಗಲದ ಬಿಲ್ಲೆಗಳನ್ನು ಮಾಡಿದಳು. ಪ್ರತಿಯೊಂದರ ಮೇಲೂ ಒಂದು ಅಂಕಿ. ಬಂದವರಿಗೆಲ್ಲ ಒಂದೊಂದು ಬಿಲ್ಲೆ ಕೊಡುವುದು, ಕೊಟ್ಟ ಹೊತ್ತನ್ನು ಆ ಅಂಕಿಯೆದುರು ಬರೆದುಕೊಳ್ಳುವುದು. ಲಿಫ್ಟಿನೊಳಗೆ ಕಾಲಿಡುವಾಗ ಬಿಲ್ಲೆಯನ್ನು ವಾಪಸು ಪಡೆದು, ಆ ಸಲ ಹೊರಟ ಬಿಲ್ಲೆಗಳನ್ನೆಲ್ಲ ಒಂದು ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಹೊರಟ ಹೊತ್ತು ಬರೆಯುವುದು. ಒಂದರಿಂದ ಇನ್ನೊಂದನ್ನು ಕಳೆದರೆ ಆ ಮನುಷ್ಯ ಕಾದದ್ದೆಷ್ಟು ಎಂದು ಸಿಗುತ್ತದೆ. ಎಷ್ಟು ಸಲ ಗುಂಡಿ ಒತ್ತಿದರೂ ಬಿಲ್ಲೆ ಬದಲಾಗುವುದಿಲ್ಲ. ಬಿಲ್ಲೆಯ ಮೇಲೆ ಅಂಕಿ ಬಿಟ್ಟು ಬೇರೇನೂ ಬರೆಯಲಿಲ್ಲ.

ನೆಲಮಹಡಿಯಲ್ಲಿ ತಾನು ಹಂಚುವುದು, ಗೇಟಿನ ಕಾವಲುಗಾರ ವಾಪಸು ಪಡೆಯುವುದು ಎಂದಾಯಿತು. ಮೇಲಿಂದ ಇಳಿಯುವವರ ಲೆಕ್ಕಕ್ಕೆ ಹನ್ನೆರಡನೇ ಮಹಡಿ ಸಾಕು, ಕಟ್ಟಡದ ನಟ್ಟನಡುವಿನದು. ಅಲ್ಲಿ ಯಾರು? ಅಲ್ಲಿ ಕಾರ್ಯದರ್ಶಿಯ ತಾಯಿ ಇದ್ದರು. ಎಂಬತ್ತಮೂರರ ಅಜ್ಜಿ, ನಡೆಯಲು ನಾಲ್ಕು ಕಾಲಿನ ಲೋಹದ ಆಸರೆ ಬೇಕು. ದಿನಾ ಬೆಳಗ್ಗೆ ಲಿಫ್ಟಿನೆದುರು ಕುರ್ಚಿ ಹಾಕಿಸಿಕೊಂಡು ಹೋಗಿ ಬರುವವರನ್ನು ನೋಡುವುದೇ ಅವರ ದಿನಪತ್ರಿಕೆ. ಲಿಫ್ಟಕ್ಕ ಹಿಂಜರಿಯುತ್ತಲೇ ಕೇಳಿದಳು, ಮಗ ಬೇಜಾರು ಮಾಡಿಕೊಳ್ಳಬಹುದು ಎಂದೂ ಹೇಳಿದಳು.

“ಅವನು ಬೇಜಾರು ಮಾಡ್ಕೊಳ್ದೇ ಇದ್ದ ದಿನ ಯಾವುದು?” ಎಂದರು ಅಜ್ಜಿ. “ಕೊಡು ಇಲ್ಲಿ. ಗಡಿಯಾರ ನಂದೇ ಇದೆ, ಕನ್ನಡಕ ನಂದೇ ಇದೆ. ಪೆನ್ನು ಮಾತ್ರ ನೀನು ತಾ.”

ಸೋಮವಾರ, ಮಂಗಳವಾರ, ಬುಧವಾರ ಯಾವುದನ್ನೂ ಬದಲಿಸದೆ ಇದ್ದದ್ದನ್ನು ಇದ್ದ ಹಾಗೇ ಅಳೆದರು. ಮೊದಲ ದಿನ ಜನ ನಕ್ಕರು. ಸಿನಿಮಾ ಯಾವುದು ಅಕ್ಕ ಎಂದು ಒಬ್ಬ ಚಾಲಕ ಕೇಳಿದ. ಮೂರನೇ ದಿನದ ಹೊತ್ತಿಗೆ ಅವರೇ ಕೈ ಚಾಚಿ ಬಿಲ್ಲೆ ಕೇಳುತ್ತಿದ್ದರು. ತಾನು ಕಾದದ್ದನ್ನು ಯಾರೋ ಒಬ್ಬರು ಬರೆದುಕೊಳ್ಳುತ್ತಿದ್ದಾರೆ ಎಂಬುದೇ ಕೆಲವರಿಗೆ ಹೊಸ ಸುದ್ದಿ. ಮೂರು ದಿನದ ಸರಾಸರಿ ಬಂತು. ನೆಲಮಹಡಿಯಲ್ಲಿ ಎರಡು ನಿಮಿಷ ಇಪ್ಪತ್ತು ಸೆಕೆಂಡು. ಹನ್ನೆರಡರಲ್ಲಿ ಎರಡು ನಿಮಿಷ ಐವತ್ತು. ಕಾರ್ಯದರ್ಶಿಯ ಕಾಲು ಸ್ವಲ್ಪ ಹಿಗ್ಗಿಸಿ ಹೇಳಿತ್ತು, ಆದರೆ ಸುಳ್ಳು ಹೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ಲಿಫ್ಟಕ್ಕ ಮೇಲ್ಛಾವಣಿಯ ಯಂತ್ರದ ಕೋಣೆಯಲ್ಲಿ ಕುಳಿತು ಲಕೋಟೆಗಳನ್ನು ಸಾಲಾಗಿ ಹರಡಿದಳು. ಒಂದೇ ಲಿಫ್ಟು ಒಮ್ಮೆ ಹೊರಟು ಮೇಲೆಲ್ಲ ಸುತ್ತಿ ಮತ್ತೆ ನೆಲಮಹಡಿಯಿಂದ ಹೊರಡಲು ಮೂರು ನಿಮಿಷ ಮೂವತ್ತೈದು ಸೆಕೆಂಡು ಹಿಡಿಯುತ್ತಿತ್ತು. ಆಕೆಯ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಅದೇ ಸುತ್ತಿಗೆ ಎರಡು ನಿಮಿಷ ನಲವತ್ತೈದು ಎಂದಿತ್ತು. ಐವತ್ತು ಸೆಕೆಂಡು ಎಲ್ಲಿ ಸೋರಿತು? ಮೋಟರು ಸರಿಯಾಗಿದೆ, ವೇಗ ಸರಿಯಾಗಿದೆ. ಒಂದು ಸುತ್ತಿನಲ್ಲಿ ಸುಮಾರು ಹತ್ತು ಕಡೆ ನಿಲುಗಡೆ. ಐವತ್ತನ್ನು ಹತ್ತರಿಂದ ಭಾಗಿಸಿದಾಗ ಐದು ಬಂತು, ಆಕೆಯ ಕೈ ಅಲ್ಲೇ ನಿಂತಿತು.

ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಹದಿನಾಲ್ಕು ತಿಂಗಳ ಹಿಂದೆ ತನ್ನದೇ ಕೈಬರಹ: ‘ಬಾಗಿಲು ತೆರೆದಿರುವ ಹೊತ್ತು 4ರಿಂದ 9 ಸೆಕೆಂಡು. ಸದ್ಯಕ್ಕೆ ಎಲ್ಲ ಮಹಡಿಗೂ. ಆಮೇಲೆ 12ಕ್ಕೆ ಮಾತ್ರ.’ ಅಂದು ಹನ್ನೆರಡನೇ ಮಹಡಿಯ ಅಜ್ಜಿಯ ಆಸರೆಯ ಕಾಲು ಬಾಗಿಲಿಗೆ ಸಿಕ್ಕಿ, ಕಾರ್ಯದರ್ಶಿ ತುರ್ತಾಗಿ ಕರೆಸಿದ್ದರು. ಒಂದೊಂದು ಮಹಡಿಗೆ ಬೇರೆ ಬೇರೆ ಹೊತ್ತು ಕೊಡಲು ಒಂದು ತಾಸು ಬೇಕು, ಎಲ್ಲಕ್ಕೂ ಒಂದೇ ಕೊಡಲು ಒಂದು ನಿಮಿಷ. ಅವಸರದಲ್ಲಿ ಒಂದು ನಿಮಿಷದ ಕೆಲಸ ಮಾಡಿ ಉಳಿದದ್ದಕ್ಕೆ ‘ಆಮೇಲೆ’ ಎಂದು ಬರೆದಿದ್ದಳು. ಆ ಆಮೇಲೆ ಬರಲೇ ಇಲ್ಲ.

ಅದನ್ನು ಆಗಲೇ ಸರಿ ಮಾಡಬಹುದಿತ್ತು. ಮಾಡಲಿಲ್ಲ. ಗುರುವಾರಕ್ಕೆ ಬೇರೊಂದು ಅಳತೆ ನಿಗದಿಯಾಗಿತ್ತು. ಕಾರ್ಯದರ್ಶಿಯ ಕಾಗದದಲ್ಲಿದ್ದ ಹಾಗೆಯೇ ಲಿಫ್ಟುಗಳನ್ನು ಒಂದು ಬೆಳಗಿನ ಮಟ್ಟಿಗೆ ಹಂಚಿ ನೋಡುವುದು. ಅದಕ್ಕೆ ಅವರೂ ಖುಷಿಯಿಂದ ಒಪ್ಪಿದ್ದರು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಆಕೆ ಕಲಿತ ಪಾಠ.

ಗುರುವಾರ ಮೂರನೇ ಲಿಫ್ಟಿನೆದುರು ಸಾಲು ಗೇಟಿನಾಚೆಗೆ ಬೆಳೆಯಿತು. ನೆಲಮಹಡಿಯ ಸರಾಸರಿ ಏಳು ನಿಮಿಷ ಹತ್ತು ಸೆಕೆಂಡಿಗೆ ಏರಿತು. ನಾದಿನಿಯ ಬಿಲ್ಲೆ ಹದಿಮೂರು ನಿಮಿಷ ನಲವತ್ತು ತೋರಿಸಿತು. ಇನ್ನು ಹನ್ನೆರಡನೇ ಮಹಡಿ. ಎರಡೆರಡು ಲಿಫ್ಟು ತಮಗೇ ಮೀಸಲಾದ ಮೇಲೆ ಅಲ್ಲಿ ನೆಮ್ಮದಿ ಇರಬೇಕಿತ್ತು. ಅಲ್ಲೂ ಸರಾಸರಿ ಮೂರು ನಿಮಿಷ ಇಪ್ಪತ್ತೈದು ಸೆಕೆಂಡಿಗೆ ಏರಿತ್ತು.

ಆ ಸಂಜೆ ನಾದಿನಿ ಮನೆಗೆ ಬಂದವಳೇ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದಳು. ಇಪ್ಪತ್ತೆರಡನೇ ಮಹಡಿಯ ಯಜಮಾನಿ, ಇನ್ನೊಂದು ದಿನ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳಂತೆ.

“ನಿಮ್ಮ ಲೆಕ್ಕಕ್ಕೆ ನನ್ನ ಕೆಲಸಾನೇ ಬೇಕಿತ್ತಾ ಅತ್ತಿಗೆ?” ಎಂದಳು. “ಒಂದು ಮಾತು ಮೊದಲೇ ಹೇಳಿದ್ರೆ ಆರೂವರೆಗೇ ಬಂದು ನಿಂತಿರ್ತಿದ್ದೆ.”

“ನಿನಗೆ ಹೇಳಿದ್ರೆ ಎಲ್ಲರಿಗೂ ಹೇಳ್ಬೇಕು. ಎಲ್ಲರೂ ಬೇಗ ಬಂದ್ರೆ ಅಳತೆ ಏನು ಉಳೀತು,” ಎಂದಳು ಲಿಫ್ಟಕ್ಕ. ಆಮೇಲೆ ತರಕಾರಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿ, ಬಾಗಿಲಿನ ಐದು ಸೆಕೆಂಡಿನ ವಿಷಯವನ್ನೂ ಹೇಳಿದಳು. ಗಂಡನಿಗೆ ಕೂಡ ಅಲ್ಲಿಯವರೆಗೆ ಹೇಳಿರಲಿಲ್ಲ.

ನಾದಿನಿ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. ಅವಳ ಸಲಹೆ ನೇರವಾಗಿತ್ತು. ನಾಳೆ ಬೆಳಗ್ಗೆ ಸದ್ದಿಲ್ಲದೆ ಸರಿ ಮಾಡಿಬಿಡುವುದು. ಕಾಯುವುದು ತಾನಾಗಿ ಕಮ್ಮಿಯಾಗುತ್ತದೆ, ಹಂಚುವ ಮಾತು ತಾನಾಗಿ ಬಿದ್ದುಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಒಲೆಯ ಬಳಿ ನಿಂತಿದ್ದ ಗಂಡನೂ ತಲೆಯಾಡಿಸಿದ.

“ಸುಮ್ನೆ ಸರಿ ಮಾಡಿದ್ರೆ ಏನಂತಾರೆ ಗೊತ್ತಾ?” ಎಂದಳು ಲಿಫ್ಟಕ್ಕ. “ಗೋಡೆ ಮೇಲೆ ಕಾಗದ ಅಂಟಿಸಿದ್ದಕ್ಕೇ ಕೆಲಸದವರು ಹೆದರಿ ಸರಿಯಾದ್ರು ಅಂತಾರೆ. ಆ ಕಾಗದ ಹೋಗಲ್ಲ, ಅಲ್ಲೇ ಇರುತ್ತೆ. ಮುಂದಿನ ಸಲ ಏನೇ ತಡ ಆದ್ರೂ ನಿಮ್ಮ ತಲೆಗೇ. ತಪ್ಪು ನಂದು ಅಂತ ನಾನು ಹೇಳ್ದೆ ಹೋದ್ರೆ ತಪ್ಪು ನಿಮ್ಮದಲ್ಲ ಅಂತ ಯಾರು ಹೇಳ್ತಾರೆ?”

“ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ.”

“ಹೋಗ್ಲಿ. ತಿರುಪುಳಿ ನನ್ನ ಕೈಲೇ ಇರುತ್ತಲ್ಲ.”

ಶುಕ್ರವಾರ ಮತ್ತು ಶನಿವಾರ ಮೂರು ಲಿಫ್ಟುಗಳನ್ನೂ ಮತ್ತೆ ಒಟ್ಟಿಗೆ ಸೇರಿಸಿ, ಬಾಗಿಲಿನ ಹೊತ್ತನ್ನು ಎಲ್ಲ ಮಹಡಿಗಳಲ್ಲೂ ನಾಲ್ಕು ಸೆಕೆಂಡಿಗೆ ಇಳಿಸಿದಳು. ಹನ್ನೆರಡನೇ ಮಹಡಿಯಲ್ಲಿ ಮಾತ್ರ ಒಂಬತ್ತನ್ನೇ ಉಳಿಸಿದಳು. ಅದನ್ನು ಹಾಗೆ ಕೊಡಲು ಹಿಂದೆ ಬೇಡವೆನಿಸಿದ್ದ ಒಂದು ತಾಸು ನಿಜವಾಗಿ ಹಿಡಿಯಿತು, ಐವತ್ತೆಂಟು ನಿಮಿಷ. ಎರಡು ದಿನದ ಬಿಲ್ಲೆಗಳನ್ನು ಕಳೆದು ನೋಡಿದರೆ ನೆಲಮಹಡಿಯಲ್ಲಿ ಒಂದು ನಿಮಿಷ ಹದಿನೈದು, ಹನ್ನೆರಡರಲ್ಲಿ ಒಂದು ನಿಮಿಷ ಐದು. ಒಂದು ಸುತ್ತಿಗೆ ಉಳಿದದ್ದು ಐವತ್ತು ಸೆಕೆಂಡಾದರೂ ಕಾಯುವವರಿಗೆ ಅದಕ್ಕಿಂತ ಹೆಚ್ಚು ಉಳಿದಿತ್ತು. ಸಾಲಿನ ಗುಣವೇ ಅಂಥದು. ಲಿಫ್ಟು ಒಯ್ಯುವುದಕ್ಕಿಂತ ಹೆಚ್ಚು ಜನ ಬಂದು ಸೇರುತ್ತಿರುವಷ್ಟು ಹೊತ್ತೂ ಅದು ಬೆಳೆಯುತ್ತಲೇ ಹೋಗುತ್ತದೆ, ಲಿಫ್ಟು ಕೊಂಚ ಚುರುಕಾದರೂ ಸಾಕು, ಬೆಳೆಯುವುದೇ ನಿಲ್ಲುತ್ತದೆ.

ಭಾನುವಾರ ಬೆಳಗ್ಗೆ ಹತ್ತೂವರೆಗೆ ನೆಲಮಾಳಿಗೆಯ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿತು. ಎಂಬತ್ತರಷ್ಟು ಜನ. ಅಜ್ಜಿ ಆಸರೆ ಹಿಡಿದು ಬಂದು ಮೊದಲ ಸಾಲಿನಲ್ಲಿ ಕುಳಿತರು. ಕೆಲಸದವರಿಗೆ ಸಭೆಗೆ ಪ್ರವೇಶವಿರಲಿಲ್ಲ, ಲಿಫ್ಟಕ್ಕನನ್ನೂ ಕರೆದದ್ದು ಪ್ರಶ್ನೆ ಕೇಳಿದರೆ ಉತ್ತರ ಕೊಡಲೆಂದಷ್ಟೆ. ಕಾರ್ಯದರ್ಶಿ ತಮ್ಮ ಕಡತ ತೆರೆದು ದೂರುಗಳನ್ನು ಓದಿದರು. ಓದಿ ಮುಗಿಸುವವರೆಗೆ ಆಕೆ ಕಾದಳು.

“ಒಂದು ಕೇಳ್ಬಹುದಾ ಸಾರ್,” ಎಂದಳು. “ಇದರಲ್ಲಿ ಮೊದಲನೇ ದೂರು ಯಾವಾಗ ಬಂದಿದ್ದು?”

ಕಾರ್ಯದರ್ಶಿ ಹಾಳೆ ತಿರುವಿದರು. ಹದಿಮೂರು ತಿಂಗಳ ಹಿಂದೆ. ಅದಕ್ಕೆ ಮುಂಚೆ ಒಂದೂ ಇರಲಿಲ್ಲ.

“ಕೆಲಸದವರು ಎಂಟು ವರ್ಷದಿಂದ ಬರ್ತಿದಾರೆ. ಅಷ್ಟೇ ಜನ, ಅದೇ ಹೊತ್ತಿಗೆ. ಹದಿನಾಲ್ಕು ತಿಂಗಳ ಹಿಂದೆ ಈ ಕಟ್ಟಡದಲ್ಲಿ ಬದಲಾಗಿದ್ದು ಒಂದೇ ಒಂದು. ಬಾಗಿಲು ನಾಲ್ಕು ಸೆಕೆಂಡು ತೆರೆದಿರೋ ಕಡೆ ಒಂಬತ್ತು ಸೆಕೆಂಡು ತೆರೆದಿರೋ ಹಾಗೆ ಮಾಡಿದ್ದು. ಅದನ್ನ ಮಾಡಿದ್ದು ನಾನು. ಒಂದು ಮಹಡಿಗೆ ಮಾಡ್ಬೇಕಾಗಿದ್ದನ್ನ ಎಲ್ಲಕ್ಕೂ ಮಾಡಿ ಮರೆತಿದ್ದೂ ನಾನೇ. ಮೊನ್ನೆ ಶುಕ್ರವಾರ ಸರಿ ಮಾಡಿದೀನಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಹತ್ತೊಂಬತ್ತನೇ ಮಹಡಿಯ ಹಲ್ಲಿನ ಡಾಕ್ಟರು ಕೂತಲ್ಲಿಂದಲೇ, ಕುಂಬಳಕಾಯಿ ಕಳ್ಳಿ ತಾನಾಗಿ ಹೆಗಲು ಮುಟ್ಟಿಕೊಂಡಳು ಎಂದರು. ಕೆಲವರು ನಕ್ಕರು.

“ಹೆಗಲ ಮೇಲೆ ಬೂದಿ ಇರೋದು ನಿಜ ಡಾಕ್ಟ್ರೇ, ಅದಕ್ಕೇ ಮುಟ್ಟಿ ತೋರಿಸ್ತಿದೀನಿ,” ಎಂದಳು ಲಿಫ್ಟಕ್ಕ. “ಬೂದಿ ನನ್ನ ಹೆಗಲ ಮೇಲಿದೆ. ಶಿಕ್ಷೆ ಬರೆದಿರೋದು ಬೇರೆಯವರ ಹೆಸರಿಗೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದು ಅಜ್ಜಿ ಎಲ್ಲರಿಗೂ ಕೇಳುವಂತೆ ಗೊಣಗಿದರು. ಅಮ್ಮ ನೀನು ಸುಮ್ಮನಿರು ಎಂದು ಕಾರ್ಯದರ್ಶಿ ಮೈಕಿನಲ್ಲೇ ಹೇಳಿದ್ದರಿಂದ ಅದೂ ಎಲ್ಲರಿಗೂ ಕೇಳಿತು.

ಆಮೇಲೆ ಆಕೆ ಬಿಲ್ಲೆಯ ಲೆಕ್ಕವನ್ನು ಓದಿದಳು. ಗುರುವಾರದ ಅಂಕಿಗೆ ಬಂದಾಗ ಯಾರಿಗೂ ನಂಬಿಕೆಯಾಗಲಿಲ್ಲ. ಎರಡು ಲಿಫ್ಟು ತಮಗೇ ಎಂದಾದ ದಿನ ತಾವೇ ಹೆಚ್ಚು ಕಾದದ್ದು ಹೇಗೆ? ಲಿಫ್ಟಕ್ಕ ಬಾವಿಯ ರಾಟೆಯ ಉದಾಹರಣೆ ಕೊಟ್ಟಳು. ಹಗ್ಗದ ಎರಡು ತುದಿಗೂ ಕೊಡ ಕಟ್ಟಿದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಯಾವ ಎಳೆತವೂ ದಂಡವಾಗುವುದಿಲ್ಲ. ಬೆಳಗ್ಗೆ ಕೆಲಸದವರು ಮೇಲೆ ಹೋಗುತ್ತಾರೆ, ಮನೆಯವರು ಕೆಳಗೆ ಬರುತ್ತಾರೆ. ಒಂದೇ ಲಿಫ್ಟು ಅವರನ್ನು ಬಿಟ್ಟು ಇವರನ್ನು ತರುತ್ತದೆ. ಹಂಚಿದ ದಿನ ಕೆಲಸದವರ ಲಿಫ್ಟು ತುಂಬಿ ಹೋಗಿ ಖಾಲಿ ಇಳಿಯಿತು, ಮನೆಯವರ ಲಿಫ್ಟು ಖಾಲಿ ಹೋಗಿ ತುಂಬಿ ಇಳಿಯಿತು. ಎಂಟೂಕಾಲಕ್ಕೆ ಆಫೀಸಿನವರೆಲ್ಲ ಹನ್ನೆರಡರಲ್ಲಿ, ಹದಿನೈದರಲ್ಲಿ ಒದ್ದಾಡುತ್ತಿದ್ದಾಗ ಮೂರನೇ ಲಿಫ್ಟು ಕೆಲಸ ಮುಗಿಸಿ ನೆಲಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡು ನಿಂತಿತ್ತು. “ಅದರೊಳಗಿನ ದೀಪ ಕೂಡ ಆರಿತ್ತು,” ಎಂದಳು, “ಯಾರೂ ಇಲ್ದೆ ಹತ್ತು ನಿಮಿಷ ಆದ್ರೆ ತಾನೇ ಆರುತ್ತೆ.”

ಕಾರ್ಯದರ್ಶಿ ಇಷ್ಟಕ್ಕೆ ಬಿಡಲಿಲ್ಲ. ಅಂಕಿಗಳನ್ನು ಎರಡು ಅಂಕಣ ಮಾಡಿ ಕೊಡಬೇಕೆಂದು ಪಟ್ಟು ಹಿಡಿದರು, ಒಂದರಲ್ಲಿ ಮನೆಯವರು, ಒಂದರಲ್ಲಿ ಕೆಲಸದವರು. ಆಕೆ ಕೊಡಲಿಲ್ಲ. ನೆಲಮಹಡಿಯ ಸಾಲಿನಲ್ಲಿ ವಾಯುವಿಹಾರ ಮುಗಿಸಿದ ಮನೆಯವರೂ ಇದ್ದರು, ಹನ್ನೆರಡರ ಸಾಲಿನಲ್ಲಿ ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಕೆಲಸದವರೂ ಇದ್ದರು, ಬಿಲ್ಲೆ ಕೊಡುವಾಗ ತಾನು ಯಾರನ್ನೂ ನೀನು ಯಾರು ಎಂದು ಕೇಳಲಿಲ್ಲ ಎಂದಳು. ಮಾತು ಬಿಸಿಯಾಯಿತು. ಕಾರ್ಡಿನ ಪೆಟ್ಟಿಗೆಗಳನ್ನು ಇವತ್ತೇ ಕೂರಿಸುತ್ತೀರೋ ಇಲ್ಲವೋ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಸಭೆ ಏನೇ ತೀರ್ಮಾನಿಸಲಿ, ಅದನ್ನು ಕೂರಿಸುವ ಕೈ ತನ್ನದಲ್ಲ, ಬೇರೆ ಯಾರನ್ನಾದರೂ ಕಳಿಸಿ ಎಂದು ಕಂಪನಿಗೆ ಬರೆದುಕೊಡುತ್ತೇನೆ ಎಂದಳು. ಅಷ್ಟು ಹೇಳಿ ಲೆಕ್ಕದ ಹಾಳೆ ಮಡಿಸಿಕೊಂಡು ಕುಳಿತಳು.

ಕೈ ಎತ್ತಿಸಿ ಎಣಿಸಿದರು. ಹಂಚಬೇಕೆಂದವರು ಮೂವತ್ತೇಳು, ಬೇಡವೆಂದವರು ನಲವತ್ತೊಂದು. ನ್ಯಾಯವೆಂದು ಎಷ್ಟು ಜನ ಕೈ ಎತ್ತಿದರು, ಬರೀ ತಮ್ಮ ಮೂವತ್ತೈದು ಸೆಕೆಂಡಿಗಾಗಿ ಎಷ್ಟು ಜನ ಎತ್ತಿದರು ಎಂದು ಹೇಳುವುದು ಕಷ್ಟ. ಕಾರ್ಯದರ್ಶಿ ಕಾಗದವನ್ನು ಗೋಡೆಯಿಂದ ತಾವೇ ಬಿಡಿಸಿದರು, ಮೂಲೆ ಹರಿಯದಂತೆ ನಿಧಾನವಾಗಿ. ಸೋಮವಾರ ಏಳಕ್ಕೆ ಐದು ನಿಮಿಷವಿರುವಾಗ ನಾದಿನಿ ಮೊದಲು ಬಾಗಿಲು ತೆರೆದ ಲಿಫ್ಟಿಗೆ, ಅಂದರೆ ಒಂದನೆಯದಕ್ಕೆ, ಹತ್ತಿದಳು.

ಆದರೆ ಅದೇ ಸೋಮವಾರ ಒಂಬತ್ತು ಗಂಟೆಗೆ ಮ್ಯಾನೇಜರ್ ಆಕೆಯನ್ನು ಕಂಪನಿಯ ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಸಂಘದ ದೂರು ಇತ್ತು, ನೀಟಾಗಿ ಗೆರೆ ಎಳೆದದ್ದು, ಮೂರು ಅಂಶ. ಗಿರಾಕಿ ಬರೆದುಕೊಟ್ಟ ಮೇಲೆ ತಾನು ಉತ್ತರ ಬರೆಯಲೇಬೇಕು, ಒಂದು ಕ್ಷಮೆಯ ಮಾತು ಸೇರಿಸಿದರೆ ಎಲ್ಲ ತಣ್ಣಗಾಗುತ್ತದೆ ಎಂದು ಅವರು ಮೆತ್ತಗೆ ಹೇಳಿದರು.

ಮೊದಲ ಅಂಶ, ಬಾಗಿಲಿನ ಹೊತ್ತನ್ನು ತಪ್ಪಾಗಿ ಬದಲಿಸಿ ಹದಿನಾಲ್ಕು ತಿಂಗಳು ಹಾಗೇ ಬಿಟ್ಟದ್ದು. ನಿಜ, ಅದಕ್ಕೆ ಕ್ಷಮೆ ಬರೆಯಿರಿ, ಕಾದ ಎಲ್ಲರಲ್ಲೂ ಎಂದು ಬರೆಯಿರಿ ಎಂದಳು. ಎರಡನೆಯದು, ಕಾರ್ಡಿನ ಪೆಟ್ಟಿಗೆ ಕೂರಿಸಲು ಒಪ್ಪದಿದ್ದದ್ದು. ಅದೂ ನಿಜ, ಅದಕ್ಕೆ ಕ್ಷಮೆ ಇಲ್ಲ ಎಂದಳು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ನಾಳೆಯಿಂದ ಮೂವತ್ತು ಮಹಡಿಯ ಕಚೇರಿ ಕಟ್ಟಡವೊಂದಕ್ಕೆ ಹೋಗಬೇಕಾಗುತ್ತದೆ, ಆರು ಲಿಫ್ಟು, ಎಲ್ಲವೂ ಹಳೆಯವು, ಇದಕ್ಕಿಂತ ಹೆಚ್ಚು ತನ್ನ ಕೈಲಾಗದು ಎಂದರು. ಆಕೆ ಹೂಂ ಎಂದು ಸಲಕರಣೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಮೂರನೇದಕ್ಕೆ ಏನಂತ ಬರೀಲಮ್ಮ?” ಎಂದರು ಮ್ಯಾನೇಜರ್. “ಕಾದವರಲ್ಲಿ ಮನೆಯವರು ಎಷ್ಟು ಜನ, ಕೆಲಸದವರು ಎಷ್ಟು ಜನ ಅಂತ ಕೇಳಿದ್ರೂ ಹೇಳ್ಲಿಲ್ಲ ಅಂತ ಬರೆದಿದಾರೆ. ಈಗ್ಲಾದ್ರೂ ಒಂದು ಅಂದಾಜು ಹೇಳು. ಎರಡು ಅಂಕಿ ಕೊಟ್ರೆ ಅವರಿಗೂ ಸಮಾಧಾನ, ನನಗೂ ಸಮಾಧಾನ.”

“ಎರಡಿಲ್ಲ ಸಾರ್, ಒಂದೇ ಇರೋದು,” ಎಂದಳು ಲಿಫ್ಟಕ್ಕ. “ಬರ್ಕೊಳ್ಳಿ. ಆರು ಬೆಳಗ್ಗೆ ಸೇರಿ ಲಿಫ್ಟಿಗೆ ಕಾದವರು ಸಾವಿರದ ನೂರ ನಲವತ್ತಾರು ಜನ.”